ಒಂದೇ ಕ್ರೆಡಿಟ್, ಮೂರು ಲೆಕ್ಕ

ಬೇಸಿಗೆ ರಜೆ ಹತ್ತಿರವಾದಂತೆ ಅಮೆರಿಕದ ಸಾರ್ವಜನಿಕ ಶಾಲೆಗಳ ಶಿಕ್ಷಕರ ಇಮೇಲಿನಲ್ಲಿ ಒಂದೇ ಬಗೆಯ ಜಾಹೀರಾತುಗಳು ತುಂಬಿಕೊಳ್ಳುತ್ತವೆ: ಮನೆಯಲ್ಲೇ ಕುಳಿತು, ಬಿಡುವಾದಾಗ ಓದಿ, ಮೂರು ಸ್ನಾತಕೋತ್ತರ ಕ್ರೆಡಿಟ್ ಗಳಿಸಿ. ಕ್ರೆಡಿಟ್ ಎಂದರೆ ಕಾಲೇಜಿನ ಓದನ್ನು ಅಳೆಯುವ ಮಾನ. ಇಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಕಲಿಸುತ್ತಿರುವ ಕನ್ನಡಿಗ ಶಿಕ್ಷಕರು ಇಂಥ ಕೋರ್ಸಿಗೆ ಸೇರಬಹುದೇ ಎಂದು ನನ್ನನ್ನು ಆಗಾಗ ಕೇಳುತ್ತಾರೆ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಶಿಕ್ಷಕರ ಕ್ರೆಡಿಟ್ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ತಿರಸ್ಕೃತವಾಗುವ ಅರ್ಜಿಗಳಲ್ಲಿ ಕಳಪೆ ಕೋರ್ಸಿನ ಕಾರಣಕ್ಕೆ ಬೀಳುವಂಥವು ಕಡಿಮೆ. ಒಂದು ಲೆಕ್ಕಕ್ಕೆ ಸಲ್ಲುವ ಕ್ರೆಡಿಟ್ಟನ್ನು ಇನ್ನೊಂದು ಲೆಕ್ಕಕ್ಕೆ ಹಿಡಿದದ್ದರಿಂದ ಬೀಳುವಂಥವೇ ಹೆಚ್ಚು.

ಲೆಕ್ಕಗಳು ಮೂರು. ಮೊದಲನೆಯದು ಬೋಧನಾ ಲೈಸೆನ್ಸಿನ ನವೀಕರಣ; ಇದು ರಾಜ್ಯ ಸರ್ಕಾರದ ಕೈಯಲ್ಲಿದೆ. ಎರಡನೆಯದು ಸಂಬಳ; ಇದು ಅನೇಕ ಕಡೆ ಡಿಸ್ಟ್ರಿಕ್ಟಿಗೂ ಶಿಕ್ಷಕರ ಸಂಘಕ್ಕೂ ಆದ ಒಪ್ಪಂದದಲ್ಲಿದೆ. ಮೂರನೆಯದು ಪದವಿ, ಇದನ್ನು ತೀರ್ಮಾನಿಸುವುದು ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯ ಕೊಡುವ ಅಂಕಪಟ್ಟಿಯೇ ಟ್ರಾನ್ಸ್‌ಕ್ರಿಪ್ಟು. ಒಂದೇ ಕೋರ್ಸಿನ ಒಂದೇ ಟ್ರಾನ್ಸ್‌ಕ್ರಿಪ್ಟು ಈ ಮೂರು ಬಾಗಿಲುಗಳಲ್ಲಿ ಮೂರು ಬೇರೆ ಬೇರೆ ಉತ್ತರ ಪಡೆಯಬಹುದು.

ಸಂಬಳದ ಲೆಕ್ಕ ಹೊಸಬರಿಗೆ ತೀರ ಅಪರಿಚಿತವಾದದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1921ರಲ್ಲಿ ಡೆನ್ವರ್ ಮತ್ತು ಡಿ ಮೊಯ್ನ್ ನಗರಗಳು ಎಲ್ಲ ಶಿಕ್ಷಕರಿಗೂ ಏಕರೂಪದ ವೇತನಪಟ್ಟಿಯನ್ನು ಜಾರಿಗೆ ತಂದವು. ಅದಕ್ಕೂ ಮೊದಲು ಪ್ರೌಢಶಾಲೆಯವರಿಗೆ ಪ್ರಾಥಮಿಕ ಶಾಲೆಯವರಿಗಿಂತ, ಗಂಡಸರಿಗೆ ಹೆಂಗಸರಿಗಿಂತ, ಬಿಳಿಯರಿಗೆ ಕರಿಯರಿಗಿಂತ ಹೆಚ್ಚು ಸಂಬಳ ಕೊಡುವ ರೂಢಿಯಿತ್ತು; ಅದನ್ನು ಮುರಿಯಲು ಅನುಭವ ಮತ್ತು ಓದು ಎಂಬ ಎರಡೇ ಅಳತೆಗಳನ್ನು ಇಟ್ಟುಕೊಳ್ಳಲಾಯಿತು. ಬಹುಪಾಲು ಡಿಸ್ಟ್ರಿಕ್ಟುಗಳಲ್ಲಿ ಇಂದಿಗೂ ಇರುವುದು ಅದೇ ಪಟ್ಟಿ. ಮೇಲಿನಿಂದ ಕೆಳಗೆ ಸಾಗುವ ಸಾಲುಗಳು ಸ್ಟೆಪ್ಪುಗಳು. ಇವು ನಮ್ಮೂರಿನ ವಾರ್ಷಿಕ ವೇತನ ಬಡ್ತಿಯಂತೆ ವರ್ಷ ಕಳೆದ ಹಾಗೆ ತಾವಾಗಿ ಬರುತ್ತವೆ. ಎಡದಿಂದ ಬಲಕ್ಕೆ ಸಾಗುವ ಕಂಬಗಳು ಲೇನುಗಳು: ಬಿ.ಎ., ಬಿ.ಎ. ಮೇಲೆ 15 ಕ್ರೆಡಿಟ್, ಎಂ.ಎ., ಎಂ.ಎ. ಮೇಲೆ 15, ಎಂ.ಎ. ಮೇಲೆ 30, ಹೀಗೆ. ಲೇನು ತಾನಾಗಿ ಬದಲಾಗುವುದಿಲ್ಲ. ಓದಿ, ಅರ್ಜಿ ಹಾಕಿ, ಗಡುವಿನೊಳಗೆ ಟ್ರಾನ್ಸ್‌ಕ್ರಿಪ್ಟ್ ತರಿಸಿ ಬದಲಾಯಿಸಿಕೊಳ್ಳಬೇಕು. ಎಲ್ಲೆಡೆಯೂ ಈ ಏರ್ಪಾಡು ಉಳಿದಿದೆ ಎಂದು ನಂಬಿಕೊಳ್ಳುವಂತಿಲ್ಲ. ಉತ್ತರ ಕೆರೊಲಿನಾ ರಾಜ್ಯವು 2013ರಲ್ಲಿ ಸ್ನಾತಕೋತ್ತರ ಪದವಿಗೆ ಕೊಡುತ್ತಿದ್ದ ಹೆಚ್ಚುವರಿ ವೇತನವನ್ನು ಹೊಸಬರಿಗೆ ನಿಲ್ಲಿಸುವ ಕಾನೂನು ಮಾಡಿತು.

ಬೇಸಿಗೆಯ ಜಾಹೀರಾತುಗಳಲ್ಲಿ ಕಾಣುವ ಕೋರ್ಸುಗಳಲ್ಲಿ ಹೆಚ್ಚಿನವನ್ನು ರೂಪಿಸುವವರು ಖಾಸಗಿ ಸಂಸ್ಥೆಗಳವರು. ಪಠ್ಯಕ್ರಮವನ್ನು ಪರಿಶೀಲಿಸಿ ಕ್ರೆಡಿಟ್ ನೀಡಲು ಒಪ್ಪುವ ಒಂದು ವಿಶ್ವವಿದ್ಯಾಲಯ ಅವುಗಳ ಬೆನ್ನಿಗಿರುತ್ತದೆ. ಹಾಗಾಗಿ ಅನೇಕ ಕಡೆ ಶುಲ್ಕವೂ ಎರಡು: ಕೋರ್ಸಿನದು ಸಂಸ್ಥೆಗೆ, ಕ್ರೆಡಿಟ್ಟಿನದು ವಿಶ್ವವಿದ್ಯಾಲಯಕ್ಕೆ. ಎರಡನೆಯದನ್ನು ಕಟ್ಟದವರಿಗೆ ಸಿಗುವುದು ಹಾಜರಾತಿ ಪ್ರಮಾಣಪತ್ರ ಮಾತ್ರ. ಅದು ಲೈಸೆನ್ಸ್ ನವೀಕರಣಕ್ಕೆ ಬೇಕಾದ ತರಬೇತಿ ಗಂಟೆಗಳಿಗೆ ಆದೀತು, ಲೇನಿಗೆ ಆಗದು. ಸಿ.ಇ.ಯು. (ಕಂಟಿನ್ಯೂಯಿಂಗ್ ಎಜುಕೇಶನ್ ಯೂನಿಟ್) ಎಂಬ ಇನ್ನೊಂದು ಅಳತೆಯೂ ಇದೇ ಗೊಂದಲಕ್ಕೆ ಎಡೆಮಾಡುತ್ತದೆ. ಹತ್ತು ಗಂಟೆಯ ತರಬೇತಿಗೆ ಒಂದು ಸಿ.ಇ.ಯು. ಎಂಬುದು ರೂಢಿಯಾದರೂ ಅದು ಕಾಲೇಜಿನ ಕ್ರೆಡಿಟ್ ಅಲ್ಲವೇ ಅಲ್ಲ.

ಕ್ರೆಡಿಟ್ಟು ಸ್ನಾತಕೋತ್ತರ ಮಟ್ಟದ್ದೇ ಆಗಿದ್ದರೂ ಅದು ಪದವಿಗೆ ಸೇರುವಂಥದ್ದೇ ಎಂಬುದು ಬೇರೆಯದೇ ಪ್ರಶ್ನೆ. ಇಂಥ ವೃತ್ತಿಪರ ಅಭಿವೃದ್ಧಿ ಕೋರ್ಸುಗಳಿಗೆ ಹಲವು ವಿಶ್ವವಿದ್ಯಾಲಯಗಳು ಪ್ರತ್ಯೇಕ ಕ್ರಮಸಂಖ್ಯೆ ಕೊಟ್ಟು, ಇದು ಯಾವುದೇ ಪದವಿಗೆ ಅನ್ವಯಿಸುವುದಿಲ್ಲವೆಂದು ಕೈಪಿಡಿಯಲ್ಲಿ ಸಣ್ಣಕ್ಷರಗಳಲ್ಲಿ ಬರೆದಿರುತ್ತವೆ. ಇವನ್ನು ಹತ್ತು ಹನ್ನೆರಡು ಕೂಡಿಸಿದರೆ ಎಂ.ಎಡ್. ಆಗುತ್ತದೆಂದು ನಂಬಿ ಕುಳಿತವರನ್ನು ನಾನು ಕಂಡಿದ್ದೇನೆ. ಪದವಿಯೇ ಬೇಕಾದವರು ಮೊದಲು ಪದವಿ ಕಾರ್ಯಕ್ರಮಕ್ಕೆ ಪ್ರವೇಶ ಪಡೆಯಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಈ ಎಡವಟ್ಟು ತುಂಬಾ ದುಬಾರಿಯಾದೀತು, ಏಕೆಂದರೆ ಅಲ್ಲಿ ಐದು ವರ್ಷದ ಆರಂಭಿಕ ಬೋಧನಾ ಪ್ರಮಾಣಪತ್ರದಿಂದ ಮುಂದಿನ ಹಂತಕ್ಕೆ ಹೋಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯೇ ಬೇಕು.

ಲೈಸೆನ್ಸಿನ ಲೆಕ್ಕ ಅಷ್ಟು ಕಷ್ಟದ್ದಲ್ಲ. ನ್ಯೂಯಾರ್ಕಿನಲ್ಲಿ ಐದು ವರ್ಷಕ್ಕೆ 100 ಗಂಟೆ, ಟೆಕ್ಸಾಸಿನಲ್ಲಿ 150 ಗಂಟೆ. ಎರಡೂ ಕಡೆ ಒಂದು ಸೆಮಿಸ್ಟರ್ ಕ್ರೆಡಿಟ್ 15 ಗಂಟೆಗೆ ಸಮ. ಮ್ಯಾಸಚೂಸೆಟ್ಸಿನಲ್ಲಿ ಐದು ವರ್ಷಕ್ಕೆ 150 ಅಂಕ ಬೇಕು, ಒಂದು ಸ್ನಾತಕೋತ್ತರ ಕ್ರೆಡಿಟ್ಟಿಗೆ 22.5 ಅಂಕ ಸಿಗುತ್ತದೆ. ಕ್ಯಾಲಿಫೋರ್ನಿಯಾ 2007ರಿಂದ ಕ್ಲಿಯರ್ ಕ್ರೆಡೆನ್ಶಿಯಲ್ ಎಂಬ ಪೂರ್ಣ ಲೈಸೆನ್ಸಿನ ನವೀಕರಣಕ್ಕೆ ಇಂಥ ಗಂಟೆಗಳನ್ನೇ ಕೇಳುತ್ತಿಲ್ಲ. ಆದರೂ ಅಲ್ಲಿನ ಶಿಕ್ಷಕರು ಇವೇ ಕೋರ್ಸುಗಳನ್ನು ಓದುತ್ತಿರುವುದು ಸಂಬಳದ ಲೇನಿಗಾಗಿ.

ಎಡವಲು ಸುಲಭವಾದ ಇನ್ನೊಂದು ಕಡೆ ಸೆಮಿಸ್ಟರ್ ಮತ್ತು ಕ್ವಾರ್ಟರ್ ಕ್ರೆಡಿಟ್ಟುಗಳ ವ್ಯತ್ಯಾಸ. ವರ್ಷವನ್ನು ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಾಗಿ ಒಡೆಯುವ ಕ್ವಾರ್ಟರ್ ಪದ್ಧತಿಯ ಒಂದು ಕ್ರೆಡಿಟ್ ಸೆಮಿಸ್ಟರ್ ಕ್ರೆಡಿಟ್ಟಿನ ಮೂರನೇ ಎರಡು ಪಾಲು ಮಾತ್ರ. ಮೂರು ಕ್ರೆಡಿಟ್ಟಿನ ಹತ್ತು ಕೋರ್ಸು ಮುಗಿಸಿ 30 ಆಯಿತೆಂದು ಅರ್ಜಿ ಹಾಕಿದ ಸಹೋದ್ಯೋಗಿಯೊಬ್ಬರ ಟ್ರಾನ್ಸ್‌ಕ್ರಿಪ್ಟಿನಲ್ಲಿದ್ದದ್ದು ಕ್ವಾರ್ಟರ್ ಕ್ರೆಡಿಟ್. ನಮ್ಮ ಒಪ್ಪಂದದ ಲೆಕ್ಕದಲ್ಲಿ ಅದು 20 ಆಯಿತು, ಲೇನು ಹತ್ತು ಕ್ರೆಡಿಟ್ಟಿನಷ್ಟು ದೂರ ಉಳಿಯಿತು.

ನನ್ನ ತಪ್ಪು ಬೇರೆ ಬಗೆಯದು. ಎಂ.ಎ. ಮುಗಿಯಲು ಒಂದು ಸೆಮಿಸ್ಟರ್ ಬಾಕಿಯಿದ್ದಾಗಲೇ, ಹೇಗೂ ಮುಂದಿನ ಲೇನಿಗೆ ಬೇಕಾಗುತ್ತದೆಂದು ಆರು ಕ್ರೆಡಿಟ್ಟಿನ ಬೇಸಿಗೆ ಕೋರ್ಸುಗಳನ್ನು ಮಾಡಿಟ್ಟುಕೊಂಡೆ. ‘ಎಂ.ಎ. ಮೇಲೆ 15’ ಎಂದರೆ ಪದವಿ ಪ್ರದಾನವಾದ ದಿನಾಂಕದ ಅನಂತರ ಗಳಿಸಿದ 15 ಎಂಬ ವಾಕ್ಯ ಒಪ್ಪಂದದಲ್ಲಿ ಸ್ಪಷ್ಟವಾಗಿಯೇ ಇತ್ತು, ನಾನು ಓದಿರಲಿಲ್ಲ. ಆರಕ್ಕೆ ಆರೂ ಹೋದವು. ಅಂದಿನಿಂದ ಯಾರೇ ಕೇಳಿದರೂ ಕೋರ್ಸಿನ ವಿಷಯಕ್ಕೆ ಹೋಗುವ ಮೊದಲು ಒಪ್ಪಂದದ ಆ ಪುಟವನ್ನು ತೆರೆಸುತ್ತೇನೆ: ಪೂರ್ವಾನುಮತಿ ಬೇಕೇ, ಬಿ ಶ್ರೇಣಿಗಿಂತ ಕಡಿಮೆ ನಡೆಯುತ್ತದೆಯೇ, ಪಾಸು-ಫೇಲು ಮಾತ್ರ ನಮೂದಿಸುವ ಕೋರ್ಸನ್ನು ಒಪ್ಪುತ್ತಾರೆಯೇ, ಕಲಿಸುವ ವಿಷಯಕ್ಕೆ ಸಂಬಂಧ ಇರಲೇಬೇಕೇ. ವಿಶ್ವವಿದ್ಯಾಲಯದ ಮಾನ್ಯತೆಯನ್ನು (ಗುಣಮಟ್ಟ ಪರಿಶೀಲಿಸುವ ಸಂಸ್ಥೆಗಳು ಕೊಡುವ ಒಪ್ಪಿಗೆ) ಫೆಡರಲ್ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ‘ಪ್ರಾದೇಶಿಕ’ ಮತ್ತು ‘ರಾಷ್ಟ್ರೀಯ’ ಮಾನ್ಯತೆಗಳ ಭೇದವನ್ನು ಆ ಇಲಾಖೆ 2020ರಲ್ಲಿ ಕೈಬಿಟ್ಟಿದ್ದರೂ ಶಾಲಾ ಒಪ್ಪಂದಗಳಲ್ಲಿ ‘ಪ್ರಾದೇಶಿಕ ಮಾನ್ಯತೆ’ ಎಂಬ ಹಳೆಯ ಮಾತು ಇನ್ನೂ ಉಳಿದಿರುವುದುಂಟು.

ಭಾರತದಲ್ಲಿ ಓದಿ ಬಂದವರ ಲೆಕ್ಕ ಇದಕ್ಕೂ ಹಿಂದಿನಿಂದ ಶುರುವಾಗುತ್ತದೆ. ಮೂರು ವರ್ಷದ ಬಿ.ಎಸ್ಸಿ., ಬಿ.ಎಡ್., ಎಂ.ಎಸ್ಸಿ. ಹೊತ್ತು ಬಂದ ಶಿಕ್ಷಕಿಯ ಅಂಕಪಟ್ಟಿಗಳನ್ನು ಪದವಿ ಮೌಲ್ಯಮಾಪನ ಸಂಸ್ಥೆಯೊಂದು ಅಮೆರಿಕದ ಲೆಕ್ಕಕ್ಕೆ ಪರಿವರ್ತಿಸಿ ಕೊಡಬೇಕು. ಇಲ್ಲಿನ ಬ್ಯಾಚುಲರ್ ಪದವಿ ನಾಲ್ಕು ವರ್ಷದ್ದಾದ್ದರಿಂದ ನಮ್ಮ ಮೂರು ವರ್ಷದ ಪದವಿಯನ್ನು ಎಲ್ಲ ಸಂಸ್ಥೆಗಳೂ ಒಂದೇ ರೀತಿ ತೂಗುವುದಿಲ್ಲ, ಒಬ್ಬರು ಎಂ.ಎಸ್ಸಿ.ಯನ್ನು ಮಾಸ್ಟರ್ಸ್ ಎಂದರೆ ಇನ್ನೊಬ್ಬರು ಬ್ಯಾಚುಲರ್ಸ್ ಮತ್ತು ಒಂದಿಷ್ಟು ಸ್ನಾತಕೋತ್ತರ ಓದು ಎನ್ನಬಹುದು. ಆದ್ದರಿಂದ ಪದವಿಯ ಹೆಸರನ್ನಷ್ಟೇ ಹೇಳುವ ವರದಿಗಿಂತ ವಿಷಯವಾರು ವರದಿಯನ್ನು ತರಿಸಿ, ಕೆಲಸಕ್ಕೆ ಸೇರುವ ದಿನವೇ ಕಚೇರಿಗೆ ಕೊಡುವುದು ಲೇಸು. ಸೇರುವಾಗ ಬಿ.ಎ. ಲೇನಿಗೆ ಹಾಕಿಸಿಕೊಂಡು, ವರ್ಷಗಳ ನಂತರ ಊರಿನ ಎಂ.ಎಸ್ಸಿ.ಯನ್ನು ಹೊರತೆಗೆದವರಿಗೆ ಹಿಂದಿನ ವರ್ಷಗಳ ವ್ಯತ್ಯಾಸದ ಹಣ ಸಿಕ್ಕಿದ್ದನ್ನು ನಾನು ನೋಡಿಲ್ಲ. ಸ್ನಾತಕೋತ್ತರ ಪದವಿ ಕೈಯಲ್ಲೇ ಇರುವವರು ಅದನ್ನು ಲೆಕ್ಕಕ್ಕೆ ಹಿಡಿಸದೆ ಹೊಸ ಕ್ರೆಡಿಟ್ಟಿಗೆ ಹಣ ಸುರಿಯುವುದು ಕಂಡಾಗ ಹೊಟ್ಟೆ ಉರಿಯುತ್ತದೆ.

ಜೆ-1 ವೀಸಾದ ಮೇಲೆ ಬರುವ ವಿನಿಮಯ ಶಿಕ್ಷಕರಿಗೆ ನನ್ನ ಸಲಹೆ ಬೇರೆ. ಅವರಿಗೆ ಮೂರು ವರ್ಷ, ವಿಸ್ತರಣೆ ಸಿಕ್ಕರೆ ಇನ್ನೊಂದೆರಡು ವರ್ಷ ಮಾತ್ರ ಇಲ್ಲಿ ಕೆಲಸ. ಹದಿನೈದು ಕ್ರೆಡಿಟ್ಟಿಗೆ ತಲಾ 150 ಡಾಲರಿನಂತೆ 2,250 ಡಾಲರ್ ಖರ್ಚಾಯಿತು, ಲೇನು ಬದಲಾಗಿ ವರ್ಷಕ್ಕೆ 1,800 ಡಾಲರ್ ಹೆಚ್ಚಾಯಿತು ಎಂದುಕೊಳ್ಳೋಣ. ತೆರಿಗೆಯನ್ನು ಬಿಟ್ಟು ನೋಡಿದರೂ ಹಾಕಿದ ಹಣ ಮರಳಲು ಒಂದೂಕಾಲು ವರ್ಷ ಬೇಕು. ಇಪ್ಪತ್ತು ವರ್ಷ ಇರುವವರಿಗೆ ಇದು ಒಳ್ಳೆಯ ವ್ಯವಹಾರ. ಎರಡನೆಯ ವರ್ಷದ ಕೊನೆಯಲ್ಲಿ ಕೋರ್ಸಿಗೆ ಸೇರುವ ಜೆ-1 ಶಿಕ್ಷಕರಿಗೆ ಅಷ್ಟೇನೂ ಅಲ್ಲ. ಶುಲ್ಕದ ಒಂದು ಭಾಗವನ್ನು ಡಿಸ್ಟ್ರಿಕ್ಟು ಮರಳಿಸುತ್ತದೆಯೇ ಎಂದು ಎಲ್ಲರೂ ಕೇಳಿಕೊಳ್ಳಬೇಕು. ಮರಳಿ ಬಾರದ ಖರ್ಚಿದ್ದರೆ, 2022ರ ತೆರಿಗೆ ವರ್ಷದಲ್ಲಿ 300 ಡಾಲರಿಗೆ ಏರಿದ ಶಿಕ್ಷಕರ ಖರ್ಚಿನ ಕಡಿತದಲ್ಲಿ ಇಂಥ ಕೋರ್ಸಿನ ಶುಲ್ಕವನ್ನೂ ತೋರಿಸಲು ಅವಕಾಶವಿದೆ.

ಕೋರ್ಸುಗಳ ಗುಣಮಟ್ಟದ ಬಗ್ಗೆಯೂ ಒಂದು ಮಾತು. ಕೆಲವು ನಿಜಕ್ಕೂ ಚೆನ್ನಾಗಿವೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಗಣಿತದ ಪದಸಮಸ್ಯೆಗಳನ್ನು ಹೇಗೆ ಬಿಡಿಸಿಕೊಡಬೇಕೆಂದು ಕಲಿಸಿದ ಒಂದು ಕೋರ್ಸಿನ ಟಿಪ್ಪಣಿಗಳನ್ನು ನಾನು ಈಗಲೂ ತರಗತಿಯಲ್ಲಿ ಬಳಸುತ್ತೇನೆ. ಇನ್ನು ಕೆಲವು, ವಿಡಿಯೊ ನೋಡಿ ಎರಡು ಪುಟದ ಅನಿಸಿಕೆ ಬರೆದರೆ ಮುಗಿಯುವಂಥವು; ಸಮಿತಿಯ ಮೇಜಿಗೆ ಬಂದಾಗ ಪಠ್ಯಕ್ರಮ ನೋಡಿದ ಕೂಡಲೇ ಗೊತ್ತಾಗುತ್ತದೆ. ಸಮಿತಿಗೆ ಬೇಕಾದದ್ದು ಹಣ ಕಟ್ಟುವ ಮೊದಲೇ ಸಲ್ಲಿಸಿದ ಪೂರ್ವಾನುಮತಿ ಅರ್ಜಿ, ಅದರೊಂದಿಗೆ ಪಠ್ಯಕ್ರಮ, ಕ್ರೆಡಿಟ್ ಯಾವ ಬಗೆಯದೆಂಬ ವಿಶ್ವವಿದ್ಯಾಲಯದ ಪುಟದ ಪ್ರತಿ. ಫೋನಿನಲ್ಲಿ ಯಾರೋ ‘ಆಗುತ್ತದೆ’ ಎಂದರು ಎಂಬುದು ಅರ್ಜಿಯ ಜೊತೆ ಲಗತ್ತಿಸಲು ಬರುವುದಿಲ್ಲ; ಅವರಿಂದ ಒಂದು ಸಾಲಿನ ಇಮೇಲ್ ಬರೆಸಿಕೊಂಡರೆ ಅದನ್ನು ಲಗತ್ತಿಸಬಹುದು.