ಸಣ್ಣ ಗಾಯ ದೊಡ್ಡದಾಗಿದ್ದು ಹೇಗೆ?

ತೊಗರಿ ಕೊಯ್ದ ಹೊಲದಲ್ಲಿ ಕಾಲಿಗೆ ಕೂಳೆ ಚುಚ್ಚುವುದು ಕಲಬುರಗಿ ಕಡೆ ಹೊಸದೇನಲ್ಲ. ಶುಗರ್ ಇದ್ದವರ ಕಥೆ ಮಾತ್ರ ಬೇರೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಪಾದದ ನರಗಳು ಮಂದವಾಗುತ್ತವೆ. ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಕೀವು ತುಂಬಿ ವಾಸನೆ ಬಂದ ಮೇಲೆ ದವಾಖಾನೆಗೆ ಓಡುತ್ತಾರೆ.

ಅಲ್ಲಿ ಕೇಸ್ ಪೇಪರಿನಲ್ಲಿ ಡಾಕ್ಟರು ‘ಡಿಬ್ರೈಡ್‌ಮೆಂಟ್’ ಎಂದು ಬರೆಯುತ್ತಾರೆ, ಅಂದರೆ ಗಾಯದಲ್ಲಿನ ಸತ್ತ ಮಾಂಸ ತೆಗೆಯುವುದು. ಮನೆಯವರಿಗೆ ಮಾತ್ರ ‘ಗಾಯ ಕ್ಲೀನ್ ಮಾಡ್ತೀವಿ’ ಅಂತಾರೆ. ಜಗಳ ಹುಟ್ಟುವುದು ಇಲ್ಲೇ. ಕ್ಲೀನ್ ಅಂದರೆ ತೊಳೆಯುವುದು ಅಂದುಕೊಂಡವರು ಪಟ್ಟಿ ಬಿಚ್ಚಿದಾಗ ನೋಡುತ್ತಾರೆ: ರೂಪಾಯಿಯಷ್ಟಿದ್ದ ಗಾಯ ಅಂಗೈಯಷ್ಟಾಗಿದೆ. “ಸಣ್ಣದಿತ್ತಲ್ರೀ, ನೀವೇ ದೊಡ್ಡದು ಮಾಡಿಟ್ರಿ!”

ಅಸಲಿಗೆ ಗಾಯ ಮೊದಲೇ ಅಷ್ಟಿತ್ತು. ಚರ್ಮದಡಿ ಮಾಂಸ ಸತ್ತಿದ್ದು ಹೊರಗೆ ಕಾಣುತ್ತಿರಲಿಲ್ಲ, ಅಷ್ಟೇ. ಸತ್ತ ಮಾಂಸದಲ್ಲಿ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ಆಂಟಿಬಯೋಟಿಕ್ಕೂ ಹೋಗುವುದಿಲ್ಲ, ಎಷ್ಟೇ ದುಬಾರಿ ಇಂಜೆಕ್ಷನ್ ಕೊಡಲಿ. ಬ್ಯಾಕ್ಟೀರಿಯಾಗಳಿಗೆ ಅದು ಪುಕ್ಕಟೆ ಊಟ. ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ.

ಎಲ್ಲಿಯವರೆಗೆ ಕತ್ತರಿಸಬೇಕು? ಸರ್ಜನ್ ಬಣ್ಣ ನೋಡುತ್ತಾರೆ, ಮೆತ್ತಗಿದೆಯೋ ಬಿಗಿಯಾಗಿದೆಯೋ ನೋಡುತ್ತಾರೆ, ಚಿಮಟದಿಂದ ಚಿವುಟುತ್ತಾರೆ. ಜೀವ ಇರುವ ಸ್ನಾಯು ಮುದುಡುತ್ತದೆ, ಸತ್ತದ್ದು ಸುಮ್ನಿರುತ್ತದೆ. ಬ್ಲೇಡ್ ಆಡಿಸಿದಂತೆ ಬೂದು ಬಣ್ಣದ ಪದರ ಕಳಚಿ ಬಂದು, ಅಡಿಯಲ್ಲಿ ರಕ್ತದ ಸಣ್ಣ ಸಣ್ಣ ಚುಕ್ಕೆ ಮೂಡುತ್ತವೆ. ನೋಡುವವರ ಎದೆ ಝಲ್ಲೆನ್ನುತ್ತದೆ. ಸರ್ಜನ್‌ಗೆ ಆಗಲೇ ಸಮಾಧಾನ.

‘ಡಿಬ್ರೈಡ್‌ಮೆಂಟ್’ ಎಂಬ ಫ್ರೆಂಚ್ ಪದಕ್ಕೆ ಕಡಿವಾಣ ಬಿಚ್ಚುವುದು ಎಂದರ್ಥ. 18ನೇ ಶತಮಾನದಲ್ಲಿ ಪ್ಯಾರಿಸ್‌ನ ಸರ್ಜನ್ ದೆಸೋ ಕಾಲಕ್ಕೆ ಅದು ಬಾತು ಬಿಗಿದ ಗಾಯವನ್ನು ಸೀಳಿ ಸಡಿಲಿಸುವ ಕೆಲಸವಾಗಿತ್ತು. ಸತ್ತ ಮಾಂಸ ತೆಗೆಯುವುದು ಎಂಬ ಅರ್ಥ ಗಟ್ಟಿಯಾಗಿದ್ದು 1914–18ರ ಮಹಾಯುದ್ಧದಲ್ಲಿ. ಅದೇ ಯುದ್ಧದಲ್ಲಿ ಅಮೆರಿಕದ ಡಾಕ್ಟರ್ ವಿಲಿಯಂ ಬೇರ್ ಒಂದು ವಿಚಿತ್ರ ಕಂಡರು. ಹುಳ ಬಿದ್ದಿದ್ದ ಸೈನಿಕರ ಗಾಯಗಳು ಒಳಗೆ ಶುಭ್ರವಾಗಿದ್ದವು! ಹುಳಗಳು ಸತ್ತ ಮಾಂಸ ತಿಂದು ಮುಗಿಸಿದ್ದವು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಹುಳಗಳ ಬಳಕೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಲ್ಯಾಬಿನಲ್ಲಿ ಕ್ರಿಮಿರಹಿತವಾಗಿ ಬೆಳೆಸಿದ ಹುಳ ಮತ್ತೆ, ನಮ್ಮ ತಿಪ್ಪೆಯದಲ್ಲ.

ಒಂದೇ ಸಲಕ್ಕೆ ಮುಗಿಯುವುದು ಕಡಿಮೆ. ಎರಡು ದಿನ ಬಿಟ್ಟು ಮತ್ತೆ ಒಳಗೆ ಕರೆದೊಯ್ದರೆ ಗಾಬರಿ ಬೇಡ. ಎಲ್ಲಾ ಕಪ್ಪು ಮಾಂಸವನ್ನೂ ಕೂಡಲೇ ಕತ್ತರಿಸುವುದಿಲ್ಲ. ಕೀವಿಲ್ಲದೆ ಒಣಗಿ ಕಪ್ಪಾದ ಬೆರಳಿಗೆ ರಕ್ತನಾಳವೇ ಕಟ್ಟಿಕೊಂಡಿದ್ದರೆ, ಮೊದಲು ರಕ್ತ ಹರಿಯುವ ದಾರಿ ಮಾಡಲು ನೋಡುತ್ತಾರೆ. ಅದಿಲ್ಲದೆ ಕತ್ತರಿಸಿದರೆ ಹೊಸ ಅಂಚೂ ಸಾಯುತ್ತದೆ.