ಹಿತ್ತಾಳೆ ಪಾತ್ರೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಯಾಕೆ?

ಪ್ರಶ್ನೆ: ಅಟ್ಟದಲ್ಲಿದ್ದ ಅಜ್ಜಿಯ ಹಿತ್ತಾಳೆ ಪಾತ್ರೆ ಪೂರ್ತಿ ಕಪ್ಪಾಗಿತ್ತು. ನಿಂಬೆರಸ ಬಳಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಗುಲಾಬಿ ಬಣ್ಣ. ಪಾತ್ರೆ ಹಾಳಾಯಿತಾ? ಮೊದಲಿನ ಹೊಳಪು ಬರುತ್ತಾ?

ಉತ್ತರ: ಹಾಳಾಗಿಲ್ಲ, ಗಾಬರಿ ಬೇಡ. ನಿಂಬೆ ಹಾಕಿದ್ದು ಸರಿಯೇ. ಇಡೀ ರಾತ್ರಿ ಬಿಟ್ಟಿದ್ದು ಜಾಸ್ತಿಯಾಯಿತು, ಅಷ್ಟೇ.

ಹಿತ್ತಾಳೆಯಲ್ಲಿ ತಾಮ್ರವೂ ಇದೆ, ಸತುವೂ ಇದೆ. ಹುಳಿ ಮೊದಲು ಮೇಲಿನ ಕಪ್ಪನ್ನು ಕರಗಿಸುತ್ತದೆ. ಕಪ್ಪು ಹೋದ ಮೇಲೂ ಅದು ಸುಮ್ನೆ ಕೂರುವುದಿಲ್ಲ, ಸತುವನ್ನು ತಿನ್ನಲು ಶುರು ಮಾಡುತ್ತದೆ. ಸತು ಹೋದ ಕಡೆ ತಾಮ್ರ ಮಾತ್ರ ಉಳಿಯುತ್ತದೆ. ನೀವು ನೋಡಿದ ಗುಲಾಬಿ ಅದೇ. ಸಾಮಾನ್ಯವಾಗಿ ಇದು ತೀರಾ ತೆಳು ಪದರ. ಹಿತ್ತಾಳೆಯ ಪಾಲಿಶ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿದರೆ ಹೋಗಿ, ಕೆಳಗಿನ ಹಳದಿ ಮೇಲೆ ಬರುತ್ತದೆ. ಆಮೇಲೆ ಪಾಲಿಶ್ ಉಳಿಯದಂತೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ.

ಮುಂದಿನ ಸಲ ಹೀಗೆ ಮಾಡಿ. ಮೊದಲು ಬಿಸಿನೀರು, ಸೋಪು. ಎಷ್ಟೋ ಜನ ಇದನ್ನೇ ಬಿಡುತ್ತಾರೆ. ಮೇಲೆ ಜಿಡ್ಡಿದ್ದರೆ ಹುಳಿ ಲೋಹಕ್ಕೆ ತಾಗುವುದೇ ಇಲ್ಲ. ಆಮೇಲೆ ಅರ್ಧ ನಿಂಬೆಹಣ್ಣನ್ನು ಉಪ್ಪಿಗೆ ಅದ್ದಿ, ಅಂಗೈ ಅಗಲದ ಜಾಗದಲ್ಲಿ ಮಾತ್ರ ಉಜ್ಜಿ. ಹಣ್ಣು ಹೋದ ದಾರಿಯಲ್ಲೇ ಹಳದಿ ಗೆರೆ ಮೂಡುತ್ತದೆ, ರಸ ಕಂದಾಗಿ ಇಳಿಯುತ್ತದೆ. ಆ ಮೊದಲ ಗೆರೆ ಕಂಡಾಗ ಆಗುವ ಖುಷಿಯೇ ಬೇರೆ! ಉಪ್ಪು ಬರೀ ತಿಕ್ಕಲು ಅಲ್ಲ, ಕಪ್ಪು ಬೇಗ ಕರಗಲೂ ನೆರವಾಗುತ್ತದೆ. ಎರಡು ಮೂರು ನಿಮಿಷಕ್ಕೆ ತೊಳೆದು ಪಕ್ಕದ ಜಾಗಕ್ಕೆ ಹೋಗಿ. ಕೆತ್ತನೆಯ ಸಂದಿಗೆ ಹಳೆಯ ಟೂತ್‌ಬ್ರಷ್ ಸಾಕು. ಕೊನೆಗೆ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಇಲ್ಲದಿದ್ದರೆ ನೀರಿನ ಹನಿ ಇದ್ದಲ್ಲೆಲ್ಲ ಕಲೆ ಕೂರುತ್ತದೆ.

ತಾಮ್ರಕ್ಕೂ ಇದೇ ದಾರಿ. ಆದರೆ ಒಳಗೆ ಬೂದು ಬಣ್ಣದ ಕಲಾಯಿ ಇದ್ದರೆ ಅದನ್ನು ಹೊಳೆಯಿಸಲು ಹೋಗಬೇಡಿ. ಅದು ತವರ, ತುಂಬಾ ಮೆದು. ಸ್ಟೀಲ್ ನಾರಿನಲ್ಲಿ ತಿಕ್ಕಿದರೆ ಎದ್ದೇ ಬರುತ್ತದೆ. 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಖಾಲಿ ಪಾತ್ರೆಯನ್ನು ಉರಿಯ ಮೇಲಿಡಲೂ ಬಾರದು. ಕಲಾಯಿ ಸವೆದು ಒಳಗೆ ತಾಮ್ರ ಕಾಣುತ್ತಿದ್ದರೆ, ಮತ್ತೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಅಡುಗೆ ಬೇಡ. ಹುಳಿ ಪದಾರ್ಥಕ್ಕೆ ತಾಮ್ರ ಬಿಡುತ್ತದೆ. ಹಸಿರು ಕಿಲುಬು ಹೊಟ್ಟೆಗೆ ಹೋಗಲೇಬಾರದು.

ನಿಮ್ಮದು ನಿಜಕ್ಕೂ ಹಿತ್ತಾಳೆಯೇ ಅಂತ ಅನುಮಾನವಿದ್ದರೆ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿ ಹಿತ್ತಾಳೆಗೆ ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಬರೀ ಲೇಪ ಕೊಟ್ಟಿರಬಹುದು. ಜೋರಾಗಿ ತಿಕ್ಕಿದರೆ ಆ ಲೇಪ ಹೋಗುತ್ತದೆ.

ಬೀಡು ಕಬ್ಬಿಣದ ಬಾಣಲೆಯನ್ನೂ ಫಳಫಳ ಮಾಡಬೇಕು ಅಂತ ಕೆಲವರು ಹೊರಡುತ್ತಾರೆ. ದಯವಿಟ್ಟು ಬೇಡ. ಅದರ ಕಪ್ಪು ಕೊಳೆಯಲ್ಲ, ಎಣ್ಣೆ ಕಾದು ಕಾದು ಗಟ್ಟಿಯಾದ ಪದರ. ತುಕ್ಕು ಬರದಂತೆ ಕಾಯುವುದೇ ಅದು. ತುಕ್ಕಿದ್ದರೆ ಅಷ್ಟನ್ನೇ ತೆಗೆದು, ತೊಳೆದು, ಉರಿಯ ಮೇಲೆ ಒಣಗಿಸಿ, ಎಣ್ಣೆ ತೆಳ್ಳಗೆ ಸವರಿ ಕಾಯಿಸಿ. ಅಲ್ಯೂಮಿನಿಯಂಗೆ ಸೋಡಾ ಹಾಕಬೇಡಿ, ಇನ್ನೂ ಕಪ್ಪಾಗುತ್ತದೆ. ನಿಂಬೆರಸ ಬೆರೆಸಿದ ನೀರನ್ನು ಅದರಲ್ಲಿ ಕುದಿಸಿದರೆ ತಿಳಿಯಾಗುತ್ತದೆ.

ಮೆಷಿನ್ ಪಾಲಿಶ್ ನನಗೆ ಇಷ್ಟವಿಲ್ಲ. ಪ್ರತಿ ಸಲ ಒಂದಿಷ್ಟು ಲೋಹವನ್ನೇ ತೆಗೆಯುತ್ತದೆ, ಕೆತ್ತನೆಯ ಅಂಚು ಮಾಸುತ್ತದೆ. ನಿಮ್ಮ ಪಾತ್ರೆಯ ಮೇಲೆ ಅಕ್ಷರವೋ ಮುದ್ರೆಯೋ ಇದೆಯಾ ನೋಡಿಕೊಳ್ಳಿ. ಅಲ್ಲಿ ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಸಂದಿಯಲ್ಲಿ ಸ್ವಲ್ಪ ಕಪ್ಪು ಉಳಿದರೆ ಉಳಿಯಲಿ, ಅಕ್ಷರ ಎದ್ದು ಕಾಣುತ್ತದೆ.