ನೆಲ ಎತ್ತುವ ಮೊದಲು ನೀರಿನ ಜಾಡು ಹಿಡಿಯಿರಿ

ಮನೆಯೊಳಗೆ ಕುಸಿದ ನೆಲವನ್ನು ಒಡೆಯದೆ, ಅದರ ಅಡಿಗೆ ಉಬ್ಬುವ ಫೋಮ್ ಹೊಡೆದು ಎತ್ತಬಹುದಂತೆ, ಹೌದಾ ಎಂದು ಕೇಳುವವರು ಈಗ ಜಾಸ್ತಿ. ಎತ್ತಬಹುದು. ಆದರೆ ಅದಕ್ಕೂ ಮೊದಲು, ಅದು ಕುಸಿದದ್ದು ಯಾಕೆ ಅಂತ ಗೊತ್ತಾಗಬೇಕು ಅಲ್ವಾ?

ನಮ್ಮ ಬಹುತೇಕ ಮನೆಗಳಲ್ಲಿ ಕೆಳಗಿನ ನೆಲ ಕೂತಿರುವುದು ಪ್ಲಿಂತ್ ಒಳಗೆ, ಅಂದರೆ ಪಾಯದಿಂದ ನೆಲದ ಮಟ್ಟದವರೆಗೆ ಕಟ್ಟಿದ ಕಟ್ಟೆಯೊಳಗೆ, ತುಂಬಿದ ಮಣ್ಣಿನ ಮೇಲೆ. ಆ ಮಣ್ಣನ್ನು 150ರಿಂದ 200 ಮಿಲಿಮೀಟರ್ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡುತ್ತಾ ಬರಬೇಕು. ಅವಸರಕ್ಕೆ ಪಾಯದ ಮಣ್ಣು, ಒಡೆದ ಇಟ್ಟಿಗೆ ಎಲ್ಲಾ ಒಂದೇ ಸಲ ಸುರಿದರೆ ಅದು ನಿಧಾನಕ್ಕೆ ಕೆಳಗೆ ಕೂರುತ್ತದೆ, ಟೈಲ್ಸ್ ಕೆಳಗಿನ ಬೆಡ್ ಕಾಂಕ್ರೀಟ್ ಅಡಿ ಪೊಳ್ಳಾಗುತ್ತದೆ. ಗೋಡೆಯ ಬುಡ ನೋಡಿ. ಅಲ್ಲಿ ಗೋಡೆಗೆ ಅಂಟಿಸಿದ ಪಟ್ಟಿ, ಅಂದರೆ ಸ್ಕರ್ಟಿಂಗ್, ಇದ್ದಲ್ಲೇ ಇದ್ದು, ಟೈಲ್ಸ್ ಇಳಿದು, ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿದ್ದರೆ ಕುಸಿದಿರುವುದು ನೆಲ, ಗೋಡೆಯಲ್ಲ.

ಇಂಥ ನೆಲಕ್ಕೆ ಫೋಮ್ ಒಳ್ಳೆಯ ಮದ್ದು. ಸುಮಾರು 16 ಮಿಲಿಮೀಟರ್ ತೂತು ಕೊರೆದು ಗನ್ ಹಚ್ಚುತ್ತೇವೆ. ಗನ್ನಿನಲ್ಲಿ ಎರಡು ದ್ರವ ಬೆರೆತು, ಕೆಲವೇ ಸೆಕೆಂಡಿನಲ್ಲಿ ಪಾಲಿಯುರೆಥೇನ್ ಫೋಮ್ ಆಗಿ ಉಬ್ಬುತ್ತವೆ. ಮೊದಲು ಪೊಳ್ಳು ತುಂಬುತ್ತದೆ, ಆಮೇಲೆ ಕಾಂಕ್ರೀಟನ್ನು ಮೇಲಕ್ಕೆ ನೂಕುತ್ತದೆ. ಒಂದು ಕಣ್ಣು ಲೇಸರ್ ಲೆವೆಲ್ ಮೇಲೇ ಇರಬೇಕು. ಸ್ವಲ್ಪ ಹೊಡೆಯಬೇಕು, ನಿಲ್ಲಿಸಬೇಕು, ಅಳೆಯಬೇಕು. ಜಾಸ್ತಿ ಎದ್ದ ನೆಲವನ್ನು ಮತ್ತೆ ಇಳಿಸುವುದು ಕಷ್ಟ. ಇದರ ದೊಡ್ಡ ಗುಣ ಹಗುರ. ಸಿಮೆಂಟ್ ಗಾರೆ ತುಂಬಿದರೆ ಸಡಿಲ ಮಣ್ಣಿನ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಫೋಮಿನಲ್ಲಿ ಆ ಭಯವಿಲ್ಲ. ಹೊಡೆಯುವಾಗ ಮಾತ್ರ ಮನೆಯವರು ಹೊರಗಿರಬೇಕು, ಕೆಲಸದವರು ಸರಿಯಾದ ಮಾಸ್ಕ್ ಹಾಕಿರಲೇಬೇಕು. ಫೋಮ್ ದ್ರವದಲ್ಲಿನ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಆಸ್ತಮಾ ತರಬಲ್ಲದು.

ಈಗ ನೀರಿನ ವಿಷಯ. ಸಂಪ್ ಸೋರುತ್ತಿದ್ದರೆ, ಬಚ್ಚಲಿನ ಪೈಪ್ ಜಾಯಿಂಟ್ ಬಿಟ್ಟಿದ್ದರೆ, ತಾರಸಿ ನೀರು ಪ್ಲಿಂತ್ ಬುಡಕ್ಕೇ ಬೀಳುತ್ತಿದ್ದರೆ, ಮಣ್ಣು ಕೊಚ್ಚಿಹೋಗುತ್ತಲೇ ಇರುತ್ತದೆ. ಫೋಮ್ ಗಟ್ಟಿಯಾಗಿಯೇ ಇರುತ್ತದೆ, ಅದರ ಕೆಳಗಿನ ಮಣ್ಣು ಇರುವುದಿಲ್ಲ. ಸಂಪ್ ಪರೀಕ್ಷೆ ಸುಲಭ. ರಾತ್ರಿ ಒಳಗೆ ಬರುವ ನೀರಿನ ವಾಲ್ವ್ ಮುಚ್ಚಿ, ಮೋಟಾರ್ ಆಫ್ ಮಾಡಿ, ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಬೆಳಗ್ಗೆ ನೀರು ಗೆರೆಯಿಂದ ಇಳಿದಿದ್ದರೆ ಸೋರಿಕೆ ಇದೆ ಅಂತಲೇ ಲೆಕ್ಕ. ಸ್ಯಾನಿಟರಿ ಪೈಪನ್ನಂತೂ ನೋಡದೆ ಬಿಡಬೇಡಿ. ಪೈಪ್ ಒಡೆದಿದ್ದರೆ ಫೋಮ್ ಅದರೊಳಗೇ ನುಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ಆ ನೆಲ ಒಡೆಯದೆ ಗತಿಯಿಲ್ಲ.

ಹುಬ್ಬಳ್ಳಿ, ವಿಜಯಪುರ ಕಡೆಯ ಎರೆಮಣ್ಣಿಗೆ ಫೋಮ್ ಹೊಡೆಯಲು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲಿರುವ ಫೋಮೂ ನೆಲವೂ ಅದರ ಜೊತೆಗೇ ಏರಿಳಿಯುತ್ತವೆ. ಇನ್ನು, ಕಿಟಕಿಯ ಮೂಲೆಯಿಂದ ಗೋಡೆಗೆ ಓರೆಯಾಗಿ ಬಿರುಕು ಹೊರಟಿದ್ದರೆ ಪಾಯವೇ ಅಲುಗಿರಬಹುದು. ಆಗ ನಮ್ಮಂಥವರನ್ನು ಕರೆಯಬೇಡಿ, ಮೊದಲು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ.